ಪದಚ್ಛೇದವಿಲ್ಲದ ಆಂಗ್ಲಪಾಠ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸಂಜೆಯ ದೀಪ ಹೊತ್ತಿತೆಂದರೆ, ದೀರ್ಘವಾದ ಇಂಗ್ಲಿಷು ಶಬ್ದಗಳನ್ನು ಮಕ್ಕಳು ಅಕ್ಷರಕ್ಕಕ್ಷರ ಬಾಯಿಪಾಠ ಮಾಡುವ ಧ್ವನಿ ಕೇಳಿಬರುವುದು. ಇದನ್ನು ವಿದ್ಯೆಯೆನ್ನುವುದು ಸಾಹಸವೇ ಸರಿ.

ಆ ಭಾಷೆಗೆ ನಿಯಮವಿಲ್ಲ, ಕಂಠಪಾಠವೊಂದೇ ಗತಿಯೆಂದು ಕೆಲವರು ವಾದಿಸುವರು. ಚಿಕ್ಕ ಶಬ್ದಗಳ ಮಟ್ಟಿಗೆ ಅದು ಇರಬಹುದು, ದೀರ್ಘಶಬ್ದಗಳಿಗೆ ಸಲ್ಲದು. ‘ಇಂಡಿಪೆಂಡೆನ್ಸ್’ ಎಂಬುದನ್ನೇ ನೋಡಿರಿ. ನಾಲಗೆಗೆ ಅದು ಇನ್-ಡಿ-ಪೆನ್-ಡೆನ್ಸ್, ಬುದ್ಧಿಗೆ ಇನ್-ಡಿ-ಪೆಂಡ್-ಎನ್ಸ್. ತುಂಡುಗಳು ಎರಡೆಡೆಯೂ ನಾಲ್ಕೇ, ಕಡಿದ ಜಾಗ ಮಾತ್ರ ಬೇರೆ. ಇನ್ ಎಂದರೆ ನಿಷೇಧ; ಡಿ ಎಂದರೆ ಕೆಳಗೆ; ಪೆಂಡ್ ಎಂಬ ಲ್ಯಾಟಿನ್ ಧಾತುವಿಗೆ ತೂಗು ಎಂದರ್ಥ; ಎನ್ಸ್ ಭಾವಪ್ರತ್ಯಯ. ಪರರಿಗೆ ಜೋತುಬೀಳದಿರುವಿಕೆಯೇ ಸ್ವಾತಂತ್ರ್ಯವೆಂದಾಯಿತು! ಕಚೇರಿಗಳಲ್ಲಿ ನಿತ್ಯವೂ ಕೇಳುವ ‘ಸಸ್ಪೆಂಡ್’, ‘ಪೆಂಡಿಂಗ್’ಗಳೂ ಇದೇ ಧಾತುವಿನ ಸಂತಾನ.

ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಸಂಧಿಗೊಂದು ಪ್ರಕರಣವನ್ನು ಮೀಸಲಿಟ್ಟನು. ಕನ್ನಡದ ತಾಸಿನಲ್ಲಿ ಸಂಧಿ ಬಿಡಿಸುವ ಹುಡುಗನು ಇಂಗ್ಲಿಷಿನ ತಾಸಿನಲ್ಲಿ ಗಿಳಿಯಾಗಬೇಕೇಕೆ? 2011ರ ಜನಗಣತಿಯಂತೆ ಸಾಕ್ಷರತೆಯಲ್ಲಿ ರಾಜ್ಯಕ್ಕೆಲ್ಲ ಕಡೆಯದಾದ ಜಿಲ್ಲೆಯಿದು. ಮನೆಯಲ್ಲಿ ಇಂಗ್ಲಿಷು ಬಲ್ಲವರಿಲ್ಲದ ಮಗುವಿನಿಂದ, ಒಂದು ಧಾತುವಿನಿಂದ ಹಲವು ಶಬ್ದ ತೆರೆಯುವ ಈ ಕೀಲಿಕೈಯನ್ನು ಬಚ್ಚಿಡುವುದು ಅನ್ಯಾಯ. ಹೊಸ ಶಬ್ದವನ್ನು ಬರೆಯಿಸುವ ಮುನ್ನ ಉಪಾಧ್ಯಾಯರು ಅದನ್ನು ಎರಡು ಬಾರಿ ಬಿಡಿಸಿ ತೋರಲಿ: ಉಚ್ಚಾರಕ್ಕೊಮ್ಮೆ, ಅರ್ಥಕ್ಕೊಮ್ಮೆ.

ಶಾಲೆಯ ಹಲಗೆಯ ಮೇಲಿನ ‘ವಿದ್ಯಾಲಯ’ವನ್ನು ಅರ್ಥವರಿತು ಬಿಡಿಸಿದರೆ ವಿದ್ಯೆಯ ಆಲಯ. ಕಿವಿಗೆ ಕೇಳಿದಂತಷ್ಟೇ ಕಡಿದರೆ ಉಳಿಯುವುದು ವಿದ್ಯೆಯ ಲಯ.