ನೋಟಕ್ಕೆ ಸುಂಕ, ಜೀವಕ್ಕಿಲ್ಲ ಬೇಲಿ

ದೀಪಾವಳಿ ಬಂತೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಊರುಗಳಲ್ಲಿ ಹೋರಿಗಳ ಕಾಲ ಆರಂಭವಾಗುತ್ತದೆ. ಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿ ಎರಡೂ ಬದಿಯಲ್ಲಿ ಕಿಕ್ಕಿರಿದ ಜನರ ನಡುವೆ ಓಡುತ್ತದೆ. ಕೊಬ್ಬರಿ ಹರಿಯಲು ಯುವಕರು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಓಟ ಮುಗಿಸಿದ ಹೋರಿ ಗೆದ್ದಂತೆ. ಇದನ್ನು ನೋಡಲು ಟಿಕೆಟ್ ಇಲ್ಲ. ಮನೆಯ ಮಾಳಿಗೆ, ಟ್ರ್ಯಾಕ್ಟರ್ ಟ್ರೇಲರ್, ಮರದ ಕೊಂಬೆಗಳೇ ಗ್ಯಾಲರಿ.

ನಿವೃತ್ತಿಯ ನಂತರ ಕಾಗಿನೆಲೆಯಲ್ಲಿ ನೆಲೆಸಿರುವ ನಾನು ನೆರೆಮನೆಯ ತರುಣನೊಬ್ಬನಿಗೆ ಬೆಂಗಳೂರಿನ ಕುದುರೆ ಪಂದ್ಯದ ಬಗ್ಗೆ ಹೇಳುತ್ತಾ, ಅಲ್ಲಿ ಒಳಗೆ ಹೋಗಲು ಹಣ ತೆರಬೇಕು ಎಂದೆ. ‘ಓಡೂದು ಕುದುರಿ, ನೋಡಾಕ ನಾವ್ಯಾಕ ರೊಕ್ಕ ಕೊಡಬೇಕ್ರಿ ಸಾಹೇಬ್ರ?’ ಎಂದು ಅವನು ಕೇಳಿದ. ಅರ್ಥಶಾಸ್ತ್ರ ಓದಿದವನಾದರೂ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಬೆಂಗಳೂರು ಟರ್ಫ್ ಕ್ಲಬ್ ಸ್ಥಾಪನೆಯಾದದ್ದು 1920ರಲ್ಲಿ. ಮೈಸೂರಿನ ರೇಸ್ ಕ್ಲಬ್ ಅದಕ್ಕಿಂತ ಹಳೆಯದು. ಇಂತಹ ಸಂಸ್ಥೆಗಳ ಮುಂದೆ ಇಂದು ಇರುವ ಪ್ರಶ್ನೆ ಹೊಸ ಪ್ರೇಕ್ಷಕರನ್ನು ಕರೆತರುವುದು ಹೇಗೆ ಎಂಬುದು. ರೇಸ್‌ಕೋರ್ಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿ ಒಮ್ಮೆಯಾದರೂ ಆ ಗೋಡೆಯಾಚೆಗೆ ಹೋಗಿ ಓಟ ನೋಡಿದ್ದಾರೆ? ಟಿಕೆಟ್ ದರ ಇಳಿಸಿದರೆ ಜನ ಬರುತ್ತಾರೆ ಎಂಬುದು ಸುಲಭದ ಉತ್ತರ. ಆದರೆ ಆ ದರ ಯಾವುದಕ್ಕಾಗಿ ಎಂಬುದನ್ನು ಮೊದಲು ಕೇಳಬೇಕು.

ರೇಸ್ ಕ್ಲಬ್ಬುಗಳ ಮುಖ್ಯ ವರಮಾನ ಪಣದ ವ್ಯವಹಾರದಿಂದ ಬರುತ್ತದೆಯೇ ಹೊರತು ಬಾಗಿಲ ಹಣದಿಂದಲ್ಲ. ಹಾಗಿದ್ದಮೇಲೆ ಬಾಗಿಲನ್ನು ಅಗ್ಗವಾಗಿಡುವುದೇ ಲಾಭದ ದಾರಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಡುವವರಿಂದ ಯಾರೂ ಹಣ ಕೇಳುವುದಿಲ್ಲ. ಶುಲ್ಕ ಇರುವುದು ವ್ಯಾಪಾರದ ಮೇಲೆ. ಜಾತ್ರೆಯಲ್ಲಿಯೂ ಹಾಗೆಯೇ, ತೊಟ್ಟಿಲು ಏರಿದವರು ಹಣ ಕೊಡುತ್ತಾರೆ, ಜಾತ್ರೆಗೆ ಬಂದವರಲ್ಲ. ಹಾಂಗ್‌ಕಾಂಗ್‌ನ ಜಾಕಿ ಕ್ಲಬ್ ಬಹುಕಾಲದಿಂದ ಸಾರ್ವಜನಿಕ ಆವರಣಕ್ಕೆ ಕೇವಲ 10 ಹಾಂಗ್‌ಕಾಂಗ್ ಡಾಲರ್ ಪಡೆಯುತ್ತಾ ಬಂದಿರುವುದು ಈ ತರ್ಕದಿಂದಲೇ.

ಆದರೂ ರೇಸ್‌ಕೋರ್ಸ್‌ಗಳಲ್ಲಿ ಸದಸ್ಯರಿಗೊಂದು, ಸಾಮಾನ್ಯರಿಗೊಂದು ಆವರಣ, ಅದಕ್ಕೆ ತಕ್ಕ ದರ ಏಕೆ? ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಜೂಲ್ ದ್ಯೂಪ್ವಿ 1849ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದ. ರೈಲಿನ ಮೂರನೇ ದರ್ಜೆಯ ಗಾಡಿಗೆ ಮಾಡು ಹಾಕದಿರುವುದು ಬಡವರನ್ನು ನೋಯಿಸಲು ಅಲ್ಲ, ಹಣವುಳ್ಳವರು ಅಗ್ಗದ ಗಾಡಿ ಹತ್ತದಂತೆ ಹೆದರಿಸಲು ಎಂಬುದು ಅವನ ವಾದ. ಇಲ್ಲಿ ದರ ಕೆಲಸ ಮಾಡುವುದು ಜರಡಿಯಾಗಿ. ಜರಡಿ ಹಿಡಿದು ನಿಂತವರು ಜನ ಬರುತ್ತಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಈ ಜರಡಿಯನ್ನು ಸರ್ಕಾರ ಇನ್ನಷ್ಟು ಬಿಗಿಗೊಳಿಸಿದೆ. 2023ರ ಅಕ್ಟೋಬರ್‌ನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40ಕ್ಕೆ ಏರಿತು. ಪಣದ ಜೊತೆಗೆ ರೇಸ್ ಕ್ಲಬ್ಬಿನ ಪ್ರವೇಶ ಟಿಕೆಟ್ಟಿಗೂ ಅಂದಿನಿಂದ ಶೇ 40 ತೆರಿಗೆ. ಅದೇ ವ್ಯವಸ್ಥೆಯಲ್ಲಿ ನೂರು ರೂಪಾಯಿವರೆಗಿನ ಸಿನಿಮಾ ಟಿಕೆಟ್ಟಿಗೆ ಶೇ 5. ಮಾನ್ಯತೆ ಪಡೆದ ಕ್ರೀಡಾಕೂಟಗಳ 500 ರೂಪಾಯಿವರೆಗಿನ ಟಿಕೆಟ್ಟಿಗೆ ತೆರಿಗೆಯೇ ಇಲ್ಲ.

ಪಣದ ಮೇಲಿನ ಭಾರೀ ತೆರಿಗೆಯನ್ನು ನಾನು ವಿರೋಧಿಸಲಾರೆ. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ನಿಜ. ಆದರೆ ಸಂಬಳದ ದಿನವೇ ಸಂಬಳ ಕಳೆದುಕೊಂಡು ಮನೆಗೆ ಹೋದವನ ಹೆಂಡತಿಗೆ ಆ ತೀರ್ಪಿನಿಂದ ಸಮಾಧಾನ ಸಿಗದು. ಹೊಸ ಪ್ರೇಕ್ಷಕರನ್ನು ಸೆಳೆಯುವುದೆಂದರೆ ಹೊಸ ಜೂಜುಗಾರರನ್ನು ತಯಾರಿಸುವುದೇ ಆದರೆ ಆ ಕೆಲಸ ಆಗದಿರುವುದೇ ಲೇಸು. ನನ್ನ ಆಕ್ಷೇಪ ಇರುವುದು ನೋಟದ ಮೇಲಿನ ಸುಂಕದ ಬಗ್ಗೆ. ಒಂದು ರೂಪಾಯಿಯ ಪಣವನ್ನೂ ಕಟ್ಟದೆ, ಮಕ್ಕಳಿಗೆ ಕುದುರೆಯ ಓಟ ತೋರಿಸಿ ಮರಳುವ ತಂದೆಯೂ ಸಾವಿರಾರು ರೂಪಾಯಿ ಕಟ್ಟುವವನೂ ಬಾಗಿಲಲ್ಲಿ ತೆರುವುದು ಒಂದೇ ದರದ ತೆರಿಗೆ. ಇದರಿಂದ ಜೂಜುಗಾರ ಹಿಂಜರಿಯುವುದಿಲ್ಲ. ಅವನ ಲೆಕ್ಕದಲ್ಲಿ ಬಾಗಿಲ ಹಣ ಚಿಲ್ಲರೆ. ಹಿಂಜರಿಯುವವನು ಕುತೂಹಲದಿಂದ ಬಂದವನೇ. ಪಣವಿಲ್ಲದ ಪ್ರೇಕ್ಷಕನನ್ನು ಹೊರಗಿಟ್ಟು ಪಣದವನನ್ನು ಒಳಗೆ ಉಳಿಸಿಕೊಳ್ಳುವ ತೆರಿಗೆ ತನ್ನ ಉದ್ದೇಶವನ್ನೇ ಸೋಲಿಸುತ್ತದೆ.

ದರ ಇಳಿದ ಮಾತ್ರಕ್ಕೆ ಅಭಿಮಾನ ಹುಟ್ಟುತ್ತದೆಯೇ? ಜಪಾನಿನ ಕೋಚಿ ಪ್ರಾಂತದಲ್ಲಿ ನಷ್ಟದಲ್ಲಿದ್ದ ಒಂದು ಸಣ್ಣ ರೇಸ್‌ಕೋರ್ಸ್ ಇತ್ತು. ಅಲ್ಲಿ ಹರು ಉರಾರಾ ಎಂಬ ಹೆಣ್ಣು ಕುದುರೆ 113 ಬಾರಿ ಓಡಿ ಒಮ್ಮೆಯೂ ಗೆಲ್ಲಲಿಲ್ಲ. ಸೋತರೂ ಓಡುತ್ತಲೇ ಇದ್ದ ಅದನ್ನು ನೋಡಲು 2004ರ ಮಾರ್ಚ್‌ನ ಒಂದು ದಿನ ಸುಮಾರು 13 ಸಾವಿರ ಜನ ಸೇರಿದರು. ಜನರನ್ನು ಎಳೆದು ತಂದದ್ದು ಆ ಪ್ರಾಣಿಯ ಕಥೆ. ಹಾವೇರಿಯ ಹಳ್ಳಿಗಳಿಗೆ ಈ ಗುಟ್ಟನ್ನು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಹೋರಿಗೊಂದು ಹೆಸರಿದೆ, ಊರಿದೆ, ಅದರ ಹೆಸರನ್ನು ಅಂಗಿಯ ಮೇಲೆ ಬರೆಸಿಕೊಂಡು ಊರೂರು ಸುತ್ತುವ ಹುಡುಗರಿದ್ದಾರೆ. ಬೆಂಗಳೂರಿನ ರೇಸ್ ಪುಸ್ತಕದಲ್ಲಿ ಕುದುರೆಗೂ ಹೆಸರಿದೆ. ಆದರೆ ಪಣ ಕಟ್ಟದವರ ಪೈಕಿ ಒಂದು ಕುದುರೆಯ ಹೆಸರನ್ನಾದರೂ ಬಲ್ಲವರು ಎಷ್ಟು ಮಂದಿ?

ಇಷ್ಟರಿಂದ ಹಳ್ಳಿಯ ಉಚಿತ ಅಖಾಡವೇ ಮಾದರಿ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. 2025ರ ದೀಪಾವಳಿಯ ವೇಳೆ ಇದೇ ಹಾವೇರಿ ಜಿಲ್ಲೆಯಲ್ಲಿ ಹೋರಿಗಳ ದಾಳಿಗೆ ಸಿಲುಕಿ ಒಂದಕ್ಕಿಂತ ಹೆಚ್ಚು ಜೀವಗಳು ಹೋದವು. ಟಿಕೆಟ್ ಇಲ್ಲದೆಡೆ ಎಷ್ಟು ಜನ ಸೇರಿದ್ದಾರೆಂಬ ಲೆಕ್ಕವೂ ಇರುವುದಿಲ್ಲ. ಲೆಕ್ಕವಿಲ್ಲದೆಡೆ ಬೇಲಿ, ಆಂಬುಲೆನ್ಸ್, ವಿಮೆ, ಕೊನೆಗೆ ಹೊಣೆಗಾರರೂ ಇರುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಬಂದ 11 ಮಂದಿ ಕಾಲ್ತುಳಿತದಲ್ಲಿ ಸತ್ತಾಗಲೂ ನಾವು ಕಂಡದ್ದು ಎಣಿಕೆಗೆ ಸಿಗದ ಜನಸಾಗರವನ್ನೇ. ಹೋರಿ ಓಟದಂತಹ ಸ್ಪರ್ಧೆಗಳಿಗೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾನೂನನ್ನು ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದಿದೆ. ಪ್ರಾಣಿಗೆ ಹಿಂಸೆಯಾಗಬಾರದೆಂಬ ಕಾಳಜಿಯಷ್ಟೇ ಕಾಳಜಿ ಬದಿಯಲ್ಲಿ ನಿಂತ ಮುದುಕನ ಬಗ್ಗೆಯೂ ಇರಬೇಡವೇ?

ಟಿಕೆಟ್ ಎಂಬುದು ಮೂಲತಃ ಒಂದು ಕರಾರು. ಅದನ್ನು ಕೊಟ್ಟವರು ಪಡೆದವರ ಜಾಗಕ್ಕೂ ಜೀವಕ್ಕೂ ಹೊಣೆ. ಈ ಅರ್ಥದಲ್ಲಿ ಬೆಲೆ ಸೊನ್ನೆಯಾದರೂ ಚೀಟಿ ಇರಬೇಕು. ಹಾವೇರಿಯಲ್ಲಿ ಸ್ಪರ್ಧೆಗೆ ಅನುಮತಿ ನೀಡುವಾಗ ಜಿಲ್ಲಾಡಳಿತ ಸಂಖ್ಯೆ ನಮೂದಿಸಿದ ಉಚಿತ ಚೀಟಿ, ಎರಡು ಸಾಲಿನ ಗಟ್ಟಿ ಬೇಲಿ, ಪ್ರೇಕ್ಷಕರ ವಿಮೆ ಇವುಗಳನ್ನು ಷರತ್ತಾಗಿಸಬೇಕು. ಖರ್ಚನ್ನು ದೊಡ್ಡ ಬಹುಮಾನಗಳ ಪ್ರಾಯೋಜಕರಿಂದಲೂ ಹೋರಿ ಮಾಲೀಕರ ಪ್ರವೇಶ ಶುಲ್ಕದಿಂದಲೂ ಭರಿಸಬೇಕು. ಬಡ ಪ್ರೇಕ್ಷಕನ ಜೇಬಿಗೆ ಕೈ ಹಾಕಬೇಕಿಲ್ಲ.

ಅತ್ತ ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕವು ಪಣದ ತೆರಿಗೆಯಿಂದ ಪ್ರವೇಶ ತೆರಿಗೆಯನ್ನು ಬೇರ್ಪಡಿಸುವಂತೆ ವಾದಿಸಬೇಕು. ರೇಸ್ ಟಿಕೆಟ್ಟನ್ನು ಇತರ ಕ್ರೀಡೆಗಳ ಸಾಲಿಗೆ ತರಬೇಕು. ಕ್ಲಬ್ಬುಗಳು ತಿಂಗಳಿಗೊಂದು ದಿನವಾದರೂ ಪಣದ ಕೌಂಟರ್ ಇಲ್ಲದ ಆವರಣವನ್ನು ಕುಟುಂಬಗಳಿಗೆ ತೆರೆದು, ಕುದುರೆಯನ್ನೂ ಅದನ್ನು ಸಾಕುವ ಕೈಗಳನ್ನೂ ಜನರಿಗೆ ಪರಿಚಯಿಸಬೇಕು. ಆಗಲೂ ಜನ ಬಾರದಿದ್ದರೆ, ಅವರು ಇಷ್ಟು ದಿನ ಮಾರುತ್ತಿದ್ದುದು ಓಟವನ್ನಲ್ಲ, ಪಣವನ್ನು ಎಂಬುದು ಸಾಬೀತಾದಂತೆ.

ನೆರೆಮನೆಯ ತರುಣನಿಗೆ ನಾನು ತಡವಾಗಿಯಾದರೂ ಕೊಡಬಹುದಾದ ಉತ್ತರ ಇಷ್ಟೆ: ನೋಡುವುದಕ್ಕೆ ರೊಕ್ಕ ಬೇಡಪ್ಪ. ಆದರೆ ನೋಡಿ ಮನೆಗೆ ಸುಖವಾಗಿ ಮರಳುವುದಕ್ಕೆ ಒಂದು ಖರ್ಚಿದೆ. ಅದನ್ನು ಯಾರಾದರೂ ಕೊಡಲೇಬೇಕು.