ತಾಯ್ತನವೂ ಒಂದು ದುಡಿಮೆ

ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನವೆಂದು ಶುಭಾಶಯ ಹಂಚುವ ರೂಢಿ ಈಗ ಕಾರವಾರ, ಅಂಕೋಲೆಯ ಹಳ್ಳಿಗಳಿಗೂ ಬಂದಿದೆ. ಅದರ ಮೂಲವನ್ನು ಬಲ್ಲವರು ಕಡಿಮೆ. ಇಂದಿನ ಅಮೆರಿಕದ ಪಶ್ಚಿಮ ವರ್ಜೀನಿಯಾದ ಗುಡ್ಡಗಾಡಿನಲ್ಲಿ ಮೆಥಡಿಸ್ಟ್ ಪಾದ್ರಿಯೊಬ್ಬರ ಮಗಳಾದ ಆ್ಯನ್ ಜಾರ್ವಿಸ್ 1858ರಲ್ಲಿ ತಾಯಂದಿರ ಕೂಟಗಳನ್ನು ಕಟ್ಟಿದರು. ಆಕೆ ಹೆತ್ತ ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ನಾಲ್ವರೇ. ಕೂಟದ ಹೆಂಗಸರು ಔಷಧಕ್ಕೆ ಹಣ ಕೂಡಿಸಿದರು, ಮಕ್ಕಳು ಕುಡಿಯುವ ಹಾಲನ್ನು ಪರೀಕ್ಷಿಸಿದರು. ಅಂತರ್ಯುದ್ಧ ಬಂದಾಗ ಎರಡೂ ಪಕ್ಷದ ಸೈನಿಕರ ಶುಶ್ರೂಷೆ ಮಾಡಿದರು. ಮಗಳು ಅನ್ನಾ 1908ರ ಮೇ 10ರಂದು ಗ್ರಾಫ್ಟನ್ನಿನ ಮೆಥಡಿಸ್ಟ್ ಚರ್ಚಿನಲ್ಲಿ ತಾಯಿಯ ಸ್ಮರಣೆಗಾಗಿ ಏರ್ಪಡಿಸಿದ ಪ್ರಾರ್ಥನೆಯಿಂದ ಈ ದಿನ ಆರಂಭವಾಯಿತು. ಮುಂದೆ ಅದು ಹೂವು, ಕಾರ್ಡುಗಳ ವ್ಯಾಪಾರವಾದಾಗ ಅನ್ನಾ ಅವರೇ ಅದರ ವಿರುದ್ಧ ಹೋರಾಡಬೇಕಾಯಿತು.

ದುಡಿಮೆಯಾಗಿದ್ದ ಕರುಣೆ ಬರಿಯ ಹೊಗಳಿಕೆಯಾಗುವ ಈ ಕಥೆ ನಮ್ಮಲ್ಲಿಯೂ ನಡೆದಿದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಮಹಿಳೆ ತುಳಸಿ ಗೌಡರನ್ನು ನಾಡು ‘ವೃಕ್ಷಮಾತೆ’ ಎಂದು ಕರೆಯಿತು. 2021ರ ನವೆಂಬರಿನಲ್ಲಿ ಅವರು ಬರಿಗಾಲಿನಲ್ಲಿ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ನೋಡದವರಿಲ್ಲ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಗೆ ಹೋಗತೊಡಗಿದವರು ಅವರು. ಮೂರು ದಶಕಗಳಷ್ಟು ಕಾಲ ಅಲ್ಲಿ ದಿನಗೂಲಿಯಾಗಿ ದುಡಿದ ಬಳಿಕವೇ ಕೆಲಸ ಕಾಯಂ ಆಯಿತು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

‘ಮಾತೆ’ ಎಂದೊಡನೆ ಅವರ ವಿದ್ಯೆ ಕಣ್ಮರೆಯಾಗುತ್ತದೆಂಬುದು ನನ್ನ ತಕರಾರು. ಒಂದೇ ಜಾತಿಯ ಹತ್ತು ಮರಗಳಲ್ಲಿ ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದೆಂದು ಅವರು ನೋಡಿಯೇ ಹೇಳಬಲ್ಲವರಾಗಿದ್ದರು. ಇದು ಮಮತೆಯೊಂದರಿಂದ ಬರುವ ಜ್ಞಾನವಲ್ಲ. ಮತ್ತಿಯ ಒಣಗಿದ ಕಾಯನ್ನು ಕೂಡಿಟ್ಟು ಬಿತ್ತಬಹುದು. ರಾಮಪತ್ರೆ, ಹಲಸುಗಳ ಬೀಜ ಒಣಗಿತೆಂದರೆ ಸತ್ತಂತೆಯೇ. ಹಣ್ಣು ಬಿರಿಯುವ ದಿನಗಳಲ್ಲಿಯೇ ಕಾಡಿಗೆ ಹೋಗಬೇಕು, ತಂದ ಬೀಜವನ್ನು ತೇವ ಆರುವ ಮುನ್ನ ಬಿತ್ತಬೇಕು. ಕಚೇರಿಯ ಆದೇಶಕ್ಕೆ ಈ ಬೀಜ ಕಾಯುವುದಿಲ್ಲ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ನಾವು ಓದಿದ್ದನ್ನು ಶಾಲೆಯ ಮೆಟ್ಟಿಲು ಹತ್ತದ ತುಳಸಿ ಗೌಡರು ಕೈಯಿಂದ ಕಲಿತಿದ್ದರು. ಆದರೆ ಪ್ರಶಸ್ತಿ ಬಂದದ್ದು ಮುಪ್ಪಿನಲ್ಲಿ, ಕೂಲಿ ಮಾತ್ರ ಉದ್ದಕ್ಕೂ ಕೂಲಿಯೇ. (ಸನ್ಮಾನದ ಶಾಲು ಹೊದೆಸುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ.)

ಹವಾಮಾನ ಬದಲಾವಣೆಯನ್ನು ಜಾಗತಿಕ ಸವಾಲೆನ್ನುತ್ತೇವೆ. ಅದರ ಪೆಟ್ಟು ಬೀಳುವುದು ಮಾತ್ರ ಇಲ್ಲಿನ ಮನೆಗಳ ಮೇಲೆ. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಚಹಾ ಅಂಗಡಿಯ ಸಂಸಾರವೂ ನಿಂತಿದ್ದ ವಾಹನಗಳೂ ಕೊಚ್ಚಿಹೋದವು. ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಗಿಡ ನೆಟ್ಟಿದ್ದರೆ ಇದು ತಪ್ಪುತ್ತಿತ್ತೆಂದು ನಾನು ಹೇಳಲಾರೆ. ರಸ್ತೆಗಾಗಿ ಬುಡವನ್ನೇ ಕಡಿದು ನೆಟ್ಟಗೆ ನಿಲ್ಲಿಸಿದ ಗುಡ್ಡವನ್ನು ಬೇರುಗಳು ಹಿಡಿದಿಡಲಾರವು. ಅದಕ್ಕೆ ಇಳಿಜಾರನ್ನು ಹದಗೊಳಿಸಬೇಕು, ನೀರು ಬಸಿದುಹೋಗಲು ದಾರಿ ಬೇಕು. ಆದರೆ ಕಡಿಯದೆ ಉಳಿದ ಇಳಿಜಾರುಗಳಲ್ಲಿ ಆಳ ಬೇರಿನ ಮಿಶ್ರ ಕಾಡೂ ನೆಲ ಮುಚ್ಚುವ ದರಕೂ ಮಾಡುವ ಕೆಲಸವನ್ನು ಅಕೇಶಿಯಾದ ಏಕಜಾತಿಯ ನೆಡುತೋಪು ಮಾಡುವುದಿಲ್ಲ.

ಹೀಗಾಗಿ ಈ ಮಳೆಗಾಲದ ವನಮಹೋತ್ಸವದಲ್ಲಿ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳಿವೆ. ಈ ಸಸಿಯ ತಾಯಿಮರ ಎಲ್ಲಿದೆ? ಬೀಜ ಆಯ್ದವರಿಗೆ ಎಷ್ಟು ಕೂಲಿ ಸಂದಿದೆ? ಹೋದ ವರ್ಷ ನೆಟ್ಟವುಗಳಲ್ಲಿ ಬದುಕಿದವೆಷ್ಟೆಂದು ಎಣಿಸಿದವರು ಯಾರು? ನರ್ಸರಿಗಳಲ್ಲಿ ಇಂದಿಗೂ ಮಣ್ಣಿನ ಚೀಲ ತುಂಬುತ್ತ ಕುಳಿತ ಹೆಂಗಸರಿದ್ದಾರೆ. ಉತ್ತರಕ್ಕೆ ಮೊದಲು ಅವರ ಬಳಿಗೇ ಹೋಗಿ.