ಕುದುರೆ ಕಂಡರೆ ಕಾಲುನೋವು

ನಮ್ಮಲ್ಲಿ ಒಂದು ಗಾದೆ ಉಂಟು: ಕುದುರೆ ಕಂಡರೆ ಕಾಲುನೋವು. ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದವನಿಗೆ ಸವಾರಿ ಎದುರಿಗೆ ಬಂದ ಕೂಡಲೇ ಕಾಲು ನೋಯತೊಡಗುತ್ತದಂತೆ. ಹೊರನಾಡಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಈ ನೋವು ಸ್ವಲ್ಪ ಮೇಲಕ್ಕೆ ಹತ್ತಿದೆ. ಮಕ್ಕಳ ಬಾಯಲ್ಲಿ 'ಕುದುರೆ' ಎಂಬ ಶಬ್ದ ಬಂದರೆ ಸಾಕು, ಹಿರಿಯರಿಗೆ ತಲೆನೋವು ಶುರು.

ವಿಷಯ ಇಷ್ಟೇ. ನಾನು ನಿವೃತ್ತನಾಗಿ ನೆಲೆಸಿರುವ ಬದಲಾಪುರದಲ್ಲಿ ನಮ್ಮ ಉಡುಪಿ ಕಡೆಯ ಒಂದು ಕುಟುಂಬವಿದೆ. ಅವರ ಮಗಳು ಹತ್ತನೆಯ ತರಗತಿ ಪಾಸಾಗಿದ್ದಾಳೆ. ಕುದುರೆಗಳ ಡಾಕ್ಟರ್ ಆಗಬೇಕು, ಅವುಗಳ ನಡುವೆಯೇ ಕೆಲಸ ಮಾಡಬೇಕು ಎಂದು ಹಟ ಹಿಡಿದಿದ್ದಾಳೆ. ಇದು ಸಿನಿಮಾ ನೋಡಿ ಹುಟ್ಟಿದ ಹುಚ್ಚಲ್ಲ. ಬದಲಾಪುರದಲ್ಲಿ ಕರ್ಜತ್ ಲೋಕಲ್ ಹಿಡಿದರೆ ವಾಂಗಣಿ, ಶೇಲು, ಮೂರನೆಯದು ನೇರಳ್. ಅಲ್ಲಿಂದ ಮೇಲೆ ಮಾಥೇರಾನ್. ಖಾಸಗಿ ಮೋಟಾರುಗಳನ್ನು ದಸ್ತೂರಿ ನಾಕಾದಲ್ಲೇ ತಡೆಯುವ ಆ ಗುಡ್ಡದಲ್ಲಿ ಜನರನ್ನೂ ಸಾಮಾನನ್ನೂ ಹೊರುವುದು ಇಂದಿಗೂ ಬಹುಮಟ್ಟಿಗೆ ಕುದುರೆಗಳೇ. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಈ ಹುಡುಗಿ ಅಲ್ಲಿಗೆ ಹೋಗುತ್ತಾಳೆ. ಉಳಿದ ಮಕ್ಕಳ ಕಣ್ಣು ಕುದುರೆಯ ಬೆನ್ನಿನ ಮೇಲೆ, ಇವಳ ಕಣ್ಣು ಅದರ ಕಾಲಿನ ಮೇಲೆ. ಲಾಳ ಹೊಡೆಯುವವನ ಪಕ್ಕದಲ್ಲಿ ಕುಳಿತು ಗೊರಸು ಹೇಗೆ ಕೆತ್ತುತ್ತಾರೆ, ಮೊಳೆ ಎಲ್ಲಿಯವರೆಗೆ ಹೋದರೆ ನೋವಾಗುವುದಿಲ್ಲ ಎಂದು ನೋಡುತ್ತಾಳೆ.

ಒಂದು ಭಾನುವಾರ ನಮ್ಮವರೆಲ್ಲ ಸೇರಿದ್ದಾಗ ಈ ಮಾತು ಬಂತು. ಚಹಾ ಮುಗಿಯುವುದರೊಳಗೆ ತೀರ್ಪೂ ಬಂತು. "ರೇಸಿಗೆ ಹೋಗಿ ಮನೆಮಠ ಕಳಕೊಂಡವರನ್ನು ನೋಡಿಲ್ವಾ?" ಎಂದರು ಒಬ್ಬರು. "ಲದ್ದಿ ಬಾಚ್ಲಿಕ್ಕೆ ಮಗಳನ್ನು ಓದಿಸಿದ್ದಾ?" ಎಂದರು ಇನ್ನೊಬ್ಬರು. ಮೂರನೆಯವರು ನನ್ನನ್ನೇ ತೋರಿಸಿದರು: "ಕಾಮರ್ಸ್ ತಗೊಳ್ಳಲಿ ಮಾರಾಯ್ರೇ. ಇವರ ಹಾಗೆ ಎಂಕಾಂ ಮಾಡಿ ಬ್ಯಾಂಕಿಗೆ ಸೇರಿದರೆ ಜೀವನ ಭದ್ರ." ನನ್ನನ್ನು ಸಾಕ್ಷಿಗೆ ಕರೆದ ಮೇಲೆ ನಾನು ಸಾಕ್ಷಿ ಹೇಳಲೇಬೇಕಲ್ಲ?

ಮೊದಲು ಜೂಜಿನ ಮಾತು. ಕುದುರೆ ಎಂದರೆ ಮಹಾಲಕ್ಷ್ಮಿಯ ರೇಸ್‌ಕೋರ್ಸ್, ರೇಸ್‌ಕೋರ್ಸ್ ಎಂದರೆ ಹಾಳಾದ ಸಂಸಾರ, ಇದು ನಮ್ಮ ಲೆಕ್ಕ. ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆದರೆ ಆ ತೀರ್ಪನ್ನು ನಾನು ಇಲ್ಲಿ ಗುರಾಣಿಯಾಗಿ ಹಿಡಿಯುವುದಿಲ್ಲ. ರೇಸಿನಲ್ಲಿ ದುಡ್ಡು ಕಳೆದುಕೊಂಡವರು ಇದ್ದಾರೆ, ಅದು ನಿಜ. ಹಾಗೆ ಕಳೆದದ್ದು ಪಂಥ ಕಟ್ಟಿದ ಮನುಷ್ಯ. ಕುದುರೆಯ ಹೊಟ್ಟೆನೋವಿಗೆ ಮದ್ದು ಕೊಟ್ಟ ವೈದ್ಯನ ಮೇಲೆ ಆ ಪಾಪ ಹೊರಿಸುವುದು ಯಾವ ನ್ಯಾಯ? ಶೇರು ಪೇಟೆಯಲ್ಲಿ ಮನೆ ಕಳೆದುಕೊಂಡವರಿಲ್ಲವೇ? ಅದಕ್ಕಾಗಿ ಯಾರಾದರೂ ಮಕ್ಕಳಿಗೆ ಸಿಎ ಬೇಡ ಎನ್ನುತ್ತಾರೆಯೇ?

ಊರಿನಲ್ಲಿ ಗದ್ದೆಗೆ ಇಳಿದವರಿಗೆ ಹಾವಿನ ಭಯ ಗೊತ್ತಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಎಲ್ಲಿಂದ ಬರುತ್ತದೆ? ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ತಯಾರಿಸುತ್ತಾರೆ. ಆ ಕುದುರೆಗಳನ್ನು ನೋಡಿಕೊಳ್ಳಲು ಬಲ್ಲವರು ಬೇಕು. ನಮ್ಮ ಅಣ್ಣತಮ್ಮಂದಿರ ಜೀವ ಉಳಿಸಿದ ಪ್ರಾಣಿಯ ಲದ್ದಿ ಬಾಚುವುದು ಯಾಕೆ ಅವಮಾನ? ನಮ್ಮ ಹಟ್ಟಿಯಲ್ಲಿ ಸೆಗಣಿ ಬಾಚದೆ ದೊಡ್ಡವರಾದವರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದರು, ಕೈ ಎತ್ತಲಿ ನೋಡೋಣ.

ಎರಡನೆಯದು ಭದ್ರತೆ. ಇಲ್ಲಿ ನನ್ನ ಸಾಕ್ಷಿ ಕೇಳಿ. ನಾವು ನೌಕರಿಗೆ ಸೇರುವ ಕಾಲದಲ್ಲಿ ಮುಂಬಯಿಯಲ್ಲಿ ಅತ್ಯಂತ ಭದ್ರವೆನಿಸಿದ್ದು ಗಿರಣಿ ಕೆಲಸ. 1982ರ ಜನವರಿಯಲ್ಲಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ಬಹುಪಾಲು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಇನ್ನು ಬ್ಯಾಂಕು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ದೇಶಕ್ಕೆ ಕೊಟ್ಟ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕಿನ ಹೆಸರು 2019ರ ಏಪ್ರಿಲಿನಲ್ಲಿ ಹೋಯಿತು. ಮರುವರ್ಷ ಅದೇ ತಿಂಗಳು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ವಿಲೀನವಾದವು. ನಮ್ಮ ಕಾಲದಲ್ಲಿ ಲೆಡ್ಜರ್ ತುಂಬಲು ಒಂದು ಶಾಖೆಗೆ ಬೇಕಿದ್ದಷ್ಟು ಜನ ಇಂದು ಬೇಕಾಗಿಲ್ಲ, ಆ ಕೆಲಸ ಗ್ರಾಹಕನ ಕೈಯಲ್ಲಿರುವ ಫೋನೇ ಮಾಡುತ್ತದೆ. ನನ್ನ ಪಿಂಚಣಿ ಭದ್ರ, ನಿಜ. ಆದರೆ ನನಗೆ ಸಿಕ್ಕ ನೌಕರಿ ಈಗ ಯಾರಿಗೂ ಸಿಗುವುದಿಲ್ಲ. ಸಿಗದ ನೌಕರಿಯನ್ನು ತೋರಿಸಿ ಹದಿನಾರರ ಹುಡುಗಿಯನ್ನು ಹೆದರಿಸುವುದು ಬೇಡ.

ಹಾಗೆಂದು ಕುದುರೆಯ ದಾರಿಯೆಲ್ಲ ಹೂವಿನ ಹಾಸು ಎಂದು ನಾನು ಹೇಳುವುದಿಲ್ಲ. ಮುಂಬಯಿಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಹೈಕೋರ್ಟು ಹೇಳಿತು, ಆ ಗಾಡಿಯವರ ಹೊಟ್ಟೆಪಾಡು ಹೋಯಿತು. ಮಾಥೇರಾನಿನಲ್ಲೇ 2022ರ ಡಿಸೆಂಬರಿನಲ್ಲಿ ಇ-ರಿಕ್ಷಾ ಪ್ರಯೋಗ ಶುರುವಾಯಿತು. 1883ರ ಮಹಾಲಕ್ಷ್ಮಿ ರೇಸ್‌ಕೋರ್ಸಿನ 120 ಎಕರೆಯನ್ನು ಉದ್ಯಾನಕ್ಕೆ ಬಿಟ್ಟುಕೊಡಲು 2024ರಲ್ಲಿ ಕ್ಲಬ್ಬು ಒಪ್ಪಿತು. 2025ರ ಸೆಪ್ಟೆಂಬರಿನಿಂದ ರೇಸಿನ ಪಂಥಕ್ಕೆ ಶೇಕಡಾ 40 ಜಿಎಸ್‌ಟಿ. ಇವೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿಗಳೇ. ನನ್ನ ತಕರಾರು ಏನೆಂದರೆ, ನಮ್ಮ ಹಿರಿಯರು ಇವುಗಳಲ್ಲಿ ಒಂದನ್ನೂ ಹೇಳಲಿಲ್ಲ. ಲೆಕ್ಕ ಹಾಕದೆಯೇ 'ಬೇಡ' ಎಂದರು.

ಬ್ಯಾಂಕಿನಲ್ಲಿ ಸಾಲದ ಅರ್ಜಿ ಬಂದರೆ ನಾವು ಓದದೆ ತಿರಸ್ಕರಿಸುತ್ತಿರಲಿಲ್ಲ, ಓದದೆ ಮಂಜೂರೂ ಮಾಡುತ್ತಿರಲಿಲ್ಲ. ಈ ಹುಡುಗಿಯ ಅರ್ಜಿಯನ್ನೂ ಹಾಗೇ ಓದೋಣ. ಒಲಿಂಪಿಕ್ಸ್ ಸವಾರಿ ಅವಳು ಕೇಳಿಲ್ಲ. ಅದು ದೊಡ್ಡ ಬಂಡವಾಳದ ಕೆಲಸ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಅದಕ್ಕೆ ಜರ್ಮನಿಯಲ್ಲಿ ತರಬೇತಿ, ಪ್ರಾಯೋಜಕರು ಎಲ್ಲ ಬೇಕಾಯಿತು. ಆದರೆ ಒಂದು ಸಂಗತಿ ಗಮನಿಸಿ: ಅವರ ತಂದೆ ಕುದುರೆ ವೈದ್ಯರು. ಪದಕ ಗೆದ್ದವರ ಹಿಂದೆ ಇಂಥ ವಿದ್ಯೆಯೊಂದು ಇರುತ್ತದೆ, ನಮ್ಮ ಹುಡುಗಿ ಕೇಳುತ್ತಿರುವುದು ಆ ವಿದ್ಯೆಯನ್ನು.

ಜಾಕಿ ಆಗುತ್ತೇನೆ, ಶಾಲೆ ಬಿಡುತ್ತೇನೆ ಎಂದಿದ್ದರೆ ನಾನೇ ಅಡ್ಡ ನಿಲ್ಲುತ್ತಿದ್ದೆ. ಮೈತೂಕವನ್ನೇ ನಂಬಿದ, ಒಂದು ಬೀಳುವಿಕೆಯಲ್ಲಿ ಮುಗಿಯಬಹುದಾದ ಉದ್ಯೋಗಕ್ಕೆ ಹತ್ತನೆಯ ತರಗತಿಯ ಮಗುವನ್ನು ಕಳಿಸಬಾರದು. ಇವಳು ಕೇಳುವುದು ಪಶುವೈದ್ಯ ಪದವಿ. ವಿಜ್ಞಾನ ಓದಿ, ನೀಟ್ ಬರೆದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಪರೇಲ್‌ನಲ್ಲಿ 1886ರಿಂದ ಪಶುವೈದ್ಯ ಕಾಲೇಜು ಇದೆ, ಬದಲಾಪುರದಿಂದ ಅದೇ ಸೆಂಟ್ರಲ್ ಲೈನು, ಮನೆಯಲ್ಲೇ ಉಂಡು ಹೋಗಬಹುದು. ಪದವಿ ಮುಗಿಸಿದವಳಿಗೆ ಸ್ಟಡ್ ಫಾರ್ಮು ಇದೆ, ಸೈನ್ಯದ ರಿಮೌಂಟ್ ವೆಟರ್ನರಿ ಕೋರ್ ಇದೆ, ಲಸಿಕೆ ತಯಾರಿಸುವ ಸಂಸ್ಥೆಗಳಿವೆ. ಮೈಸೂರಿನ ಪೊಲೀಸ್ ಅಶ್ವದಳ ದಸರೆಯಲ್ಲಿ ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಕುದುರೆಗಳಿಗೂ ಡಾಕ್ಟರು ಬೇಕು. ಕುದುರೆಯ ಕೆಲಸ ಸಿಗದಿದ್ದರೂ ದನ, ಕೋಳಿ, ನಾಯಿಗೂ ವೈದ್ಯರು ಬೇಕಲ್ಲ? ಇದಕ್ಕಿಂತ ಒಳ್ಳೆಯ ಜಾಮೀನು ನನ್ನ ಸರ್ವಿಸಿನಲ್ಲಿ ನಾನು ಹೆಚ್ಚು ಕಂಡಿಲ್ಲ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರ ಮುಖದಲ್ಲೂ ಇತ್ತು: ಹೆಣ್ಣುಮಗಳು, ನಾಳೆ ಮದುವೆಯ ಮಾತು ಬಂದಾಗ ಏನೆಂದು ಹೇಳುವುದು? ಡಾಕ್ಟರ್ ಎಂದು ಹೇಳುವುದು. ಅದರಲ್ಲಿ ಕಷ್ಟವೇನು?

ಕೊನೆಗೆ, ನನ್ನನ್ನು ನಿಜವಾಗಿ ಸಿಟ್ಟಿಗೆಬ್ಬಿಸಿದ ಮಾತು. "ದೊಡ್ಡವರು ಹೇಳಿದ ದಾರಿಯಲ್ಲಿ ನಡೆದರೆ ಕೆಟ್ಟವರಿಲ್ಲ" ಎಂದರು ಒಬ್ಬ ಹಿರಿಯರು. ಸ್ವಾಮೀ, ಅಪ್ಪನ ಒಪ್ಪಿಗೆ ಪಡೆದು ಮುಂಬಯಿಗೆ ಬಂದವರು ನಮ್ಮಲ್ಲಿ ಎಷ್ಟು ಮಂದಿ? ಹದಿಮೂರು ಹದಿನಾಲ್ಕರಲ್ಲಿ ಮನೆಯಲ್ಲಿ ಹೇಳದೆ ಓಡಿಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕತೆಗಳನ್ನು ಪ್ರತಿ ಸನ್ಮಾನ ಸಭೆಯಲ್ಲೂ ಕೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಊರು ಬಿಟ್ಟದ್ದೇ ನಮ್ಮ ಜೀವನದ ದೊಡ್ಡ ಪಂಥ. ಆ ಪಂಥ ಕಟ್ಟಿದವರು ಈಗ ಮಕ್ಕಳಿಗೆ ಹೊಸಿಲು ದಾಟಬೇಡ ಎನ್ನುತ್ತಿದ್ದೇವೆ. ಪರವೂರಿನಲ್ಲಿ ಜಾರಿದರೆ ಹಿಡಿಯಲು ಯಾರಿಲ್ಲ ಎಂಬ ಭಯ ಮೊದಲ ತಲೆಮಾರಿಗೆ ಇದ್ದದ್ದು ಸಹಜ. ಮೂರನೆಯ ತಲೆಮಾರಿಗೂ ಅದನ್ನೇ ಆಸ್ತಿಯೆಂದು ಬರೆದುಕೊಡಬೇಕೇ? ನಮ್ಮ ಈ ಊರಿನ ಹೆಸರಿನ ಬಗ್ಗೆ ಇಲ್ಲಿನ ಹಳಬರು ಒಂದು ಮಾತು ಹೇಳುತ್ತಾರೆ. ಶಿವಾಜಿಯ ಕಾಲದಲ್ಲಿ ಘಟ್ಟ ಹತ್ತುವ ಮುನ್ನ ದಣಿದ ಕುದುರೆಗಳನ್ನು ಇಲ್ಲಿ ಬದಲಿಸುತ್ತಿದ್ದರಂತೆ, ಅದಕ್ಕೇ ಬದಲಾಪುರ. ಇತಿಹಾಸವೋ ಪ್ರತೀತಿಯೋ, ಮಾತು ಚೆನ್ನಾಗಿದೆ. ದಣಿದ ಕುದುರೆಯ ಮೇಲೆಯೇ ಹೊಸ ಸವಾರನನ್ನು ಕೂರಿಸುವವರು ನಾವು ಮಾತ್ರ.

ಈಗ ತುರ್ತಿನ ಸಂಗತಿ. ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಅರ್ಜಿ ತುಂಬುವ ದಿನ ಹತ್ತಿರ ಬಂದಿದೆ. ನಾನು ಎಂಕಾಂ, ವಾಣಿಜ್ಯವನ್ನು ಹೀಯಾಳಿಸುವವನಲ್ಲ. ಆದರೆ ಇದೊಂದನ್ನು ತಂದೆತಾಯಿ ತಿಳಿದಿರಬೇಕು: ವಿಜ್ಞಾನ ಓದಿದವರು ಹನ್ನೆರಡರ ನಂತರ ಬಿಕಾಂಗೂ ಬರಬಹುದು, ಸಿಎ ಕೂಡ ಮಾಡಬಹುದು. ವಾಣಿಜ್ಯ ತೆಗೆದುಕೊಂಡವರು ಪಶುವೈದ್ಯ ಕಾಲೇಜಿನ ಮೆಟ್ಟಿಲು ಹತ್ತಲಾರರು, ಏಕೆಂದರೆ ಅಲ್ಲಿ ಜೀವಶಾಸ್ತ್ರ ಬೇಕೇ ಬೇಕು. ಒಂದು ದಾರಿಯಲ್ಲಿ ಎರಡು ಬಾಗಿಲು ತೆರೆದಿರುತ್ತವೆ, ಇನ್ನೊಂದರಲ್ಲಿ ಒಂದು ಬಾಗಿಲು ಈಗಲೇ ಮುಚ್ಚುತ್ತದೆ. ಭದ್ರತೆ ಬೇಕೆನ್ನುವವರು ಯಾವುದನ್ನು ಆರಿಸಬೇಕು, ನೀವೇ ಹೇಳಿ. ಅವಳ ಅರ್ಜಿಯಲ್ಲಿ ವಿಜ್ಞಾನ ಎಂದು ಬರೆಯಲು ಬಿಡಿ. ಎರಡು ವರ್ಷ ಅವಳು ಓದಲಿ, ರಜೆಯಲ್ಲಿ ಲದ್ದಿಯನ್ನೂ ಬಾಚಲಿ. ಅಷ್ಟಾದ ಮೇಲೂ ಅವಳಿಗೆ ಕುದುರೆಯೇ ಬೇಕೆಂದಾದರೆ ಕಾಲೇಜು ಸಾಲದ ಅರ್ಜಿ ತುಂಬಲು ನನ್ನ ಮನೆಗೆ ಬನ್ನಿ. ಆ ಕೆಲಸ ನನಗೆ ಚೆನ್ನಾಗಿ ಗೊತ್ತುಂಟು.